ಅನುಭವಿ ಟ್ರೇಡರ್‌ಗಳ ಬಳಿ ಷೇರು ವ್ಯವಹಾರ ಕಲಿಯುವುದು: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಭಾಂಡುಪ್, ಡೊಂಬಿವಲಿ, ಮೀರಾ ರೋಡ್ ಕಡೆಯ ಕನ್ನಡಿಗ ತರುಣರೂ ಕೆಲವೊಮ್ಮೆ ಅವರ ತಂದೆತಾಯಿಗಳೂ ಕೆಲವು ವರ್ಷಗಳಿಂದ ನನ್ನಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾನು ಫೋರ್ಟಿನ ದಲ್ಲಾಳಿ ಕಚೇರಿಗಳಲ್ಲಿ ಮೊದಲು ಗುಮಾಸ್ತನಾಗಿ, ಆಮೇಲೆ ಡೀಲರ್ ಆಗಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನು. ಹೂಡಿಕೆ ಸಲಹೆಗಾರನಲ್ಲ, ಶುಲ್ಕ ಪಡೆದು ಕಲಿಸುವವನೂ ಅಲ್ಲ. ಯಾವ ಷೇರು ಕೊಳ್ಳಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಟ್ರೇಡಿಂಗ್ ಮತ್ತು ಹೂಡಿಕೆ ಬೇರೆ ಬೇರೆಯೇ?

ಬೇರೆಯೇ. ಹೂಡಿಕೆದಾರನು ಕಂಪನಿಯ ವ್ಯಾಪಾರ ಬೆಳೆದೀತೆಂದು ವರ್ಷಗಟ್ಟಲೆ ಕಾಯುತ್ತಾನೆ. ಟ್ರೇಡರ್ ಬೆಲೆಯ ಏರಿಳಿತದಿಂದ ಕೆಲವು ನಿಮಿಷಗಳಲ್ಲೋ ದಿನಗಳಲ್ಲೋ ವಾರಗಳಲ್ಲೋ ಲಾಭ ತೆಗೆಯಲು ನೋಡುತ್ತಾನೆ. ತಿಂಗಳ ಸಂಬಳದಲ್ಲಿ ಸ್ವಲ್ಪ ಉಳಿಸಿ ಮಗಳ ಓದಿಗೋ ಊರಿನ ಮನೆಗೋ ಹಣ ಕೂಡಿಸಬೇಕೆನ್ನುವವರು ಈ ಪುಟವನ್ನು ಇಲ್ಲಿಗೇ ಮುಚ್ಚಬಹುದು. ಅವರಿಗೆ ಬೇಕಾದದ್ದು ಹೂಡಿಕೆ, ಅದಕ್ಕೆ ಗುರುವಿಗಿಂತ ತಾಳ್ಮೆ ಮುಖ್ಯ. ಮುಂದಿನದೆಲ್ಲ ಟ್ರೇಡಿಂಗನ್ನು ಕಸುಬಾಗಿ ಕಲಿಯಬೇಕೆನ್ನುವವರಿಗೆ.

ಇದು ಕಲಿಸಿದರೆ ಬರುವ ವಿದ್ಯೆಯೇ, ಹುಟ್ಟಿನಿಂದ ಬರಬೇಕಾದ ಬುದ್ಧಿಯೇ?

ಇದೇ ಪ್ರಶ್ನೆಗೆ ಷಿಕಾಗೋದ ಇಬ್ಬರು ಟ್ರೇಡರ್‌ಗಳು ಹಣ ಸುರಿದು ಉತ್ತರ ಹುಡುಕಿದ್ದರು. ಕಲಿಸಬಹುದು ಎಂಬುದು ರಿಚರ್ಡ್ ಡೆನಿಸ್ ಎಂಬವರ ವಾದ, ಅದು ಹುಟ್ಟುಗುಣ ಎಂಬುದು ಅವರ ಜೊತೆಗಾರ ವಿಲಿಯಂ ಎಕ್‌ಹಾರ್ಟ್ ಅವರ ವಾದ. 1983ರ ಕೊನೆಯಲ್ಲಿ ಡೆನಿಸ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ನಾನಾ ವೃತ್ತಿಗಳ ಹತ್ತು ಹನ್ನೆರಡು ಮಂದಿಯನ್ನು ಆರಿಸಿ, ಎರಡು ವಾರ ಪಾಠ ಹೇಳಿ, ತಮ್ಮದೇ ಹಣ ಕೊಟ್ಟು ಪೇಟೆಗೆ ಇಳಿಸಿದರು. ಆ ಶಿಷ್ಯರಿಗೆ ‘ಟರ್ಟಲ್ಸ್’, ಅಂದರೆ ಆಮೆಗಳು, ಎಂಬ ಹೆಸರೇ ನಿಂತಿತು. ಮುಂದಿನ ಕೆಲವು ವರ್ಷಗಳಲ್ಲಿ ಅವರಲ್ಲಿ ಹಲವರು ದೊಡ್ಡ ಲಾಭ ಮಾಡಿದ್ದರಿಂದ ಡೆನಿಸ್ ಗೆದ್ದರೆಂದು ಕಥೆಯನ್ನು ಅಲ್ಲಿಗೇ ಮುಗಿಸುವುದು ವಾಡಿಕೆ.

ಕಥೆಯ ಉಳಿದರ್ಧವನ್ನೂ ಕೇಳಬೇಕು. ನಿಯಮಗಳು ಎಲ್ಲರಿಗೂ ಒಂದೇ ಆಗಿದ್ದರೂ ಶಿಷ್ಯರ ಫಲಿತಾಂಶ ಒಂದೇ ಆಗಲಿಲ್ಲ. ಗುರುವೇ 1987ರ ಕುಸಿತದ ಕಾಲದಲ್ಲಿ ಭಾರೀ ನಷ್ಟ ಉಂಡು, ಮರುವರ್ಷ ಪೇಟೆಯಿಂದ ಹಿಂದೆ ಸರಿದರು. ಹೀಗಾಗಿ ನನ್ನ ಉತ್ತರ ಇಷ್ಟು: ನಿಯಮವನ್ನು ಎರಡು ವಾರದಲ್ಲಿ ಕಲಿಸಬಹುದು, ಸತತ ಆರು ಸಲ ಸೋತ ಮೇಲೂ ಏಳನೆಯ ಸಲ ಅದೇ ನಿಯಮವನ್ನು ಅಷ್ಟೇ ನಿರ್ವಿಕಾರವಾಗಿ ಪಾಲಿಸುವುದನ್ನು ಬಾಯಿಮಾತಿನಲ್ಲಿ ಕಲಿಸಲಾಗದು. ಅದನ್ನು ಪಾಲಿಸುವವನ ಪಕ್ಕದಲ್ಲಿ ಕುಳಿತು ನೋಡಬೇಕು.

ಹಿಂದೆ ಮುಂಬಯಿಯಲ್ಲಿ ಈ ಕಸುಬನ್ನು ಹೇಗೆ ಕಲಿಯುತ್ತಿದ್ದರು?

1850ರ ದಶಕದಲ್ಲಿ ಟೌನ್ ಹಾಲ್ ಎದುರಿನ ಆಲದ ಮರದ ಕೆಳಗೆ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು. ಇಂದಿನ ಬಿಎಸ್‌ಇ, ಅಂದರೆ ಮುಂಬಯಿ ಷೇರು ವಿನಿಮಯ ಕೇಂದ್ರ, ಬೆಳೆದದ್ದು ಅದರಿಂದ. 1995ರಲ್ಲಿ ಕಂಪ್ಯೂಟರ್ ಪರದೆ ಬರುವವರೆಗೂ ದಲಾಲ್ ಸ್ಟ್ರೀಟಿನ ಜೀಜೀಭಾಯ್ ಟವರ್ಸ್‌ನ ‘ರಿಂಗ್’ನಲ್ಲಿ ಕೂಗಿ, ಕೈಸನ್ನೆ ಮಾಡಿ ಸೌದಾ ಕುದುರಿಸುತ್ತಿದ್ದರು. ಒಂದೇ ಷೇರಿಗೆ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಒಟ್ಟಿಗೆ ಹೇಳುತ್ತ ಸಣ್ಣ ಅಂತರದಲ್ಲಿ ಬದುಕುವವನಿಗೆ ‘ಜಾಬರ್’ ಎನ್ನುತ್ತಿದ್ದರು. ಸಂಜೆ ಎರಡು ಕಡೆಯ ಚೀಟಿಗಳು ತಾಳೆಯಾಗದಿದ್ದರೆ ಅದಕ್ಕೆ ‘ವಾಂಧಾ’ ಎಂದು ಹೆಸರು. ಹೊಸ ಹುಡುಗ ಮೊದಲು ಚೀಟಿ ಹೊರುತ್ತಿದ್ದ, ಆಮೇಲೆ ವಾಂಧಾ ಬಿಡಿಸುತ್ತಿದ್ದ, ಅದಾಗಿ ಎಷ್ಟೋ ಕಾಲದ ಮೇಲೆ ಸಣ್ಣ ಸೌದಾ ಮಾಡಲು ಅವನಿಗೆ ಅಪ್ಪಣೆ ಸಿಗುತ್ತಿತ್ತು. ಕೈಗೆ ಹಣ ಬರುವ ಮೊದಲೇ ಅವನು ಬೇರೆಯವರ ತಪ್ಪುಗಳನ್ನು ಸಾವಿರಗಟ್ಟಲೆ ನೋಡಿರುತ್ತಿದ್ದ. ಈಗಿನ ಕಲಿಕೆಯಲ್ಲಿ ತಪ್ಪಿಹೋಗಿರುವುದು ಈ ಹಂತವೇ.

ನನ್ನದೂ ಅದೇ ದಾರಿ. 1988ರಲ್ಲಿ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಕ್ಯಾಂಟೀನೊಂದರಲ್ಲಿ ಸೇರಿ, ಹಗಲು ದಲ್ಲಾಳಿ ಕಚೇರಿಗಳಿಗೆ ಚಹಾ ಕೊಡುತ್ತ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದೆ. 1993ರಲ್ಲಿ ಚಹಾ ಕೊಡುತ್ತಿದ್ದ ಕಚೇರಿಯೊಂದರಲ್ಲೇ ಗುಮಾಸ್ತನಾದೆ. 1996ರ ಒಂದು ಮಧ್ಯಾಹ್ನ ನೂರು ಷೇರು ಕೊಳ್ಳಬೇಕಾದಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿ ಸಾವಿರ ಕೊಂಡುಬಿಟ್ಟೆ. ನಮ್ಮ ಶೇಠ್ ಒಂದೂ ಮಾತಾಡದೆ ನನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಹೆಚ್ಚಾದ ಒಂಬೈನೂರನ್ನು ಆ ಕ್ಷಣದ ಬೆಲೆಗೆ ಮಾರಿದರು. ಷೇರಿಗೆ ಆರು ರೂಪಾಯಿಯಂತೆ 5,400 ರೂಪಾಯಿ ಹೋಯಿತು. ನನ್ನ ತಿಂಗಳ ಸಂಬಳ ಆಗ 2,800. ಅವರು ಆಗಲೂ ಬೈಯಲಿಲ್ಲ. ಕಾಲು ಗಂಟೆ ಕಳೆದು ಬೆಲೆ ನಾನು ಕೊಂಡದ್ದಕ್ಕಿಂತ ಮೇಲೆ ಹೋದಾಗ, ‘ಇಟ್ಟುಕೊಂಡಿದ್ದರೆ ಲಾಭವಾಗುತ್ತಿತ್ತು ಶೇಠ್’ ಎಂದೆ. ಬೈಗುಳ ಬಂದದ್ದು ಆ ಮಾತಿಗೆ. ಅದರ ಅರ್ಥ ನನಗೆ ಪೂರ್ತಿ ಇಳಿಯಲು ಎರಡು ವರ್ಷ ಬೇಕಾಯಿತು.

ಈಗ ಹಾಗೆ ಪಕ್ಕದಲ್ಲಿ ಕುಳಿತು ಕಲಿಯಲು ಎಲ್ಲಿ ಸಾಧ್ಯ?

ದಲ್ಲಾಳಿ ಸಂಸ್ಥೆಗಳ ಡೀಲಿಂಗ್ ರೂಮುಗಳು ಇನ್ನೂ ಇವೆ. ಸ್ವಂತ ಬಂಡವಾಳದಿಂದ ವ್ಯವಹರಿಸುವ ‘ಪ್ರೊಪ್’ ಸಂಸ್ಥೆಗಳೂ ಇವೆ. ಅಲ್ಲಿ ಸಂಬಳಕ್ಕೆ ಸೇರುವುದು ಕಲಿಕೆಯ ಅತ್ಯಂತ ಅಗ್ಗದ ದಾರಿ, ಏಕೆಂದರೆ ಶುಲ್ಕ ಕೊಡಬೇಕಾದವರು ನೀವಲ್ಲ. ಡೆರಿವೇಟಿವ್ಸ್ (ಷೇರು ಅಥವಾ ಸೂಚ್ಯಂಕದ ಬೆಲೆಯ ಮೇಲೆ ಮುಂದಿನ ದಿನಕ್ಕೆ ಮಾಡುವ ಕರಾರುಗಳು, ಅಂದರೆ ಫ್ಯೂಚರ್ಸ್, ಆಪ್ಷನ್ಸ್) ಟರ್ಮಿನಲ್ ಮುಂದೆ ಕೂರಲು ಷೇರು ಪೇಟೆಯ ಶಿಕ್ಷಣ ಸಂಸ್ಥೆಯಾದ ಎನ್‌ಐಎಸ್‌ಎಂ ನಡೆಸುವ ಎಂಟನೆಯ ಸರಣಿಯ ಪರೀಕ್ಷೆ, ಅಂದರೆ ಈಕ್ವಿಟಿ ಡೆರಿವೇಟಿವ್ಸ್ ಪ್ರಮಾಣಪತ್ರ, ಪಾಸಾಗಿರಬೇಕು. ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2006ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಕ್ಯಾಂಪಸ್ ರಾಯಗಢ ಜಿಲ್ಲೆಯ ಪಾತಾಳಗಂಗಾದಲ್ಲಿದೆ. ಬಿಎಸ್‌ಇ ಮತ್ತು ಇನ್ನೊಂದು ವಿನಿಮಯ ಕೇಂದ್ರವಾದ ಎನ್‌ಎಸ್‌ಇಗಳ ಶಿಕ್ಷಣ ಸಂಸ್ಥೆಗಳೂ ಕೋರ್ಸ್ ನಡೆಸುತ್ತವೆ. ಪರೀಕ್ಷೆ ಪಾಸಾದರೆ ಟ್ರೇಡಿಂಗ್ ಬರುತ್ತದೆ ಎಂದಲ್ಲ. ಮಾರ್ಜಿನ್ (ಸೌದಾಕ್ಕೆ ಮೊದಲೇ ಇಡುವ ಭದ್ರತೆಯ ಹಣ) ಎಂದರೇನು, ಸೆಟ್ಲ್‌ಮೆಂಟ್ (ಸೌದಾದ ಹಣ, ಷೇರುಗಳ ಅಂತಿಮ ಕೊಡುಕೊಳ್ಳುವಿಕೆ) ಹೇಗೆ ನಡೆಯುತ್ತದೆ, ಅವಧಿ ಮುಗಿಯುವ ದಿನ ಏನಾಗುತ್ತದೆ ಎಂಬುದನ್ನು ಅದು ಕ್ರಮವಾಗಿ ಓದಿಸುತ್ತದೆ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರುಗಳ ಫ್ಯೂಚರ್ಸ್, ಆಪ್ಷನ್ಸ್ ಕರಾರುಗಳೂ ಕೊನೆಯ ದಿನ ನಗದಿನಲ್ಲಲ್ಲ, ಷೇರುಗಳ ಕೊಡುಕೊಳ್ಳುವಿಕೆಯಲ್ಲಿ ಮುಗಿಯುತ್ತವೆ ಎಂಬುದನ್ನು ತಿಳಿಯದೆಯೇ ಆಪ್ಷನ್ಸ್ ಮಾಡುವ ಎಷ್ಟೋ ಮಂದಿಯನ್ನು ನೋಡಿದ್ದೇನೆ.

‘ಹದಿನೈದು ವರ್ಷ ಅನುಭವ’ ಎಂದು ಹೇಳಿಕೊಳ್ಳುವವರನ್ನು ಹೇಗೆ ಪರೀಕ್ಷಿಸಬೇಕು?

ಲಾಭದ ಸ್ಕ್ರೀನ್‌ಶಾಟನ್ನು ಸಾಕ್ಷಿಯೆಂದು ಒಪ್ಪಲೇಬೇಡಿ. ಅದನ್ನು ಐದು ನಿಮಿಷದಲ್ಲಿ ತಯಾರಿಸಬಹುದು. ನಿಜವೇ ಆಗಿದ್ದರೂ ಅದು ಒಂದು ದಿನದ, ಒಂದು ಖಾತೆಯ ಚಿತ್ರ. ಒಬ್ಬನೇ ಮನುಷ್ಯ ಎರಡು ಖಾತೆಗಳಲ್ಲಿ ಎದುರುಬದುರಾದ ಸೌದಾ ಮಾಡಿ ಗೆದ್ದ ಖಾತೆಯನ್ನಷ್ಟೇ ತೋರಿಸುವುದು ಹಳೆಯ ಚಮತ್ಕಾರ.

ಕೇಳಬೇಕಾದದ್ದು ಬೇರೆ. ದಲ್ಲಾಳಿ ಸಂಸ್ಥೆಯು ಪ್ರತಿ ಸೌದಾಕ್ಕೂ ಇಪ್ಪತ್ತನಾಲ್ಕು ಗಂಟೆಯೊಳಗೆ ಗ್ರಾಹಕನಿಗೆ ಕಾಂಟ್ರಾಕ್ಟ್ ನೋಟ್, ಅಂದರೆ ಆ ಸೌದಾದ ಅಧಿಕೃತ ವಿವರಪತ್ರ, ಕಳಿಸಲೇಬೇಕು. ಜೊತೆಗೆ ಖಾತೆಯ ಲೆಡ್ಜರ್ ಇರುತ್ತದೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ವ್ಯವಹಾರದ ಲಾಭನಷ್ಟ ಇರುತ್ತದೆ. ಇವು ಮೂರೂ ಒಂದೇ ಕಥೆಯನ್ನು ಹೇಳಬೇಕು. ಸತತ ಮೂರು ವರ್ಷದ ಲೆಡ್ಜರನ್ನು, ಹೆಸರು ಮತ್ತು ಖಾತೆ ಸಂಖ್ಯೆ ಮುಚ್ಚಿಯಾದರೂ ಸರಿ, ಎದುರು ಕುಳಿತು ಪುಟ ತಿರುವಿ ತೋರಿಸಲು ಒಪ್ಪುವವರಿದ್ದರೆ ಅವರ ಮಾತಿಗೆ ಬೆಲೆಯಿದೆ. ಲೆಡ್ಜರಿನಲ್ಲಿ ಲಾಭದ ಮೊತ್ತಕ್ಕಿಂತ ಮೊದಲು ಅತ್ಯಂತ ಕೆಟ್ಟ ತಿಂಗಳನ್ನು ಹುಡುಕಿ. ಆ ತಿಂಗಳು ಬಂಡವಾಳದ ಎಷ್ಟು ಪಾಲು ಹೋಯಿತು, ಅದರ ಮರುತಿಂಗಳು ಸೌದಾದ ಗಾತ್ರ ಹಿಗ್ಗಿತೇ ಕುಗ್ಗಿತೇ ಎಂಬುದನ್ನು ನೋಡಿ. ನಷ್ಟದ ಮರುತಿಂಗಳು ಗಾತ್ರ ಹಿಗ್ಗಿಸುವವನಿಗೆ ಐವತ್ತು ವರ್ಷದ ಅನುಭವವಿದ್ದರೂ ಅವನ ಪಕ್ಕದಲ್ಲಿ ಕೂರಬೇಡಿ.

ಕೆಟ್ಟ ತಿಂಗಳೇ ಇಲ್ಲ ಎನ್ನುವವರ ಬಗ್ಗೆ ಹೇಳಲು ಏನೂ ಇಲ್ಲ, ಎದ್ದು ಬನ್ನಿ.

ಸೆಬಿ ನೋಂದಣಿ ಸಂಖ್ಯೆ ತೋರಿಸಿದರೆ ಸಾಕಲ್ಲವೇ?

ನೋಂದಣಿ ಅಗತ್ಯ, ಆದರೆ ಅದು ಟ್ರೇಡಿಂಗ್ ಕೌಶಲಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ. 2013ರ ನಿಯಮಾವಳಿಯಂತೆ ಹೂಡಿಕೆ ಸಲಹೆಗಾರರು, 2014ರ ನಿಯಮಾವಳಿಯಂತೆ ಸಂಶೋಧನಾ ವಿಶ್ಲೇಷಕರು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಇಂತಿಷ್ಟು ಲಾಭ ಖಚಿತ ಎಂದು ಭರವಸೆ ಕೊಡಲು ಇವರಿಗೂ ಅವಕಾಶವಿಲ್ಲ. ಬರಿಯ ಶಿಕ್ಷಣ ಕೊಡುವವರಿಗೆ ನೋಂದಣಿ ಬೇಡ. ಆದರೆ ಶಿಕ್ಷಣದ ಹೆಸರಿನಲ್ಲಿ ‘ಇದನ್ನು ಇಂದು ಕೊಳ್ಳಿ’ ಎನ್ನುವಂತಿಲ್ಲ. 2025ರ ಜನವರಿಯಲ್ಲಿ ಸೆಬಿ ಕೊಟ್ಟ ಸ್ಪಷ್ಟನೆಯ ಪ್ರಕಾರ, ನೋಂದಣಿಯಿಲ್ಲದ ಶಿಕ್ಷಕರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಷೇರಿನ ಮುಂದಿನ ಬೆಲೆಯನ್ನೋ ಶಿಫಾರಸನ್ನೋ ಸೂಚಿಸುವಂತಿಲ್ಲ. ಆದ್ದರಿಂದ ನೋಂದಣಿ ಇಲ್ಲದೆ ‘ಲೈವ್ ಮಾರ್ಕೆಟ್‌ನಲ್ಲಿ ನನ್ನೊಂದಿಗೆ ಟ್ರೇಡ್ ಮಾಡಿ’ ಎಂಬ ಜಾಹೀರಾತು ಹಾಕುವವರನ್ನು ಕಂಡಾಗ, ನಿಯಮದ ವಿಷಯದಲ್ಲಿ ಹೀಗಿರುವವರು ನಿಮ್ಮ ಹಣದ ವಿಷಯದಲ್ಲಿ ಹೇಗಿರುತ್ತಾರೆಂದು ನೀವೇ ಊಹಿಸಬಹುದು. ನೋಂದಣಿ ಸಂಖ್ಯೆಯನ್ನು ಅವರ ಕಾರ್ಡಿನಲ್ಲಿ ಓದಿ ಸುಮ್ಮನಾಗದೆ ಸೆಬಿಯ ಜಾಲತಾಣದ ಪಟ್ಟಿಯಲ್ಲಿ ಹೆಸರು ಹಾಕಿ ತಾಳೆ ನೋಡಬೇಕು.

ನಿಜವಾಗಿ ಲಾಭ ಮಾಡುವವನು ಬೇರೆಯವರಿಗೆ ಏಕೆ ಕಲಿಸುತ್ತಾನೆ?

ನ್ಯಾಯವಾದ ಅನುಮಾನ. ಆದರೂ ಪೇಟೆಯಲ್ಲಿ ಒಬ್ಬರಿಂದ ಒಬ್ಬರು ಕಲಿತ ಉದಾಹರಣೆಗಳು ಕಡಿಮೆಯಿಲ್ಲ. 1985ರಲ್ಲಿ ಐದು ಸಾವಿರ ರೂಪಾಯಿಯೊಂದಿಗೆ ಪೇಟೆಗೆ ಬಂದು ಹೆಸರಾಂತ ಹೂಡಿಕೆದಾರರಾದ ರಾಕೇಶ್ ಝುನ್‌ಝುನ್‌ವಾಲಾ, ಪೇಟೆಯ ಇನ್ನೊಬ್ಬ ಹೆಸರಾಂತ ಹೂಡಿಕೆದಾರ ರಾಧಾಕಿಷನ್ ದಮಾನಿ ಅವರನ್ನು ಗುರು ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಅಂಥ ಸಂಬಂಧ ಕಸುಬಿನ ಒಳಗೆ ಹುಟ್ಟಿದ್ದು, ಹೋಟೆಲ್ ಸಭಾಂಗಣದ ಶಿಬಿರದಲ್ಲಲ್ಲ. ಶುಲ್ಕ ಪಡೆದು ಕಲಿಸುವುದು ತಪ್ಪೇನಲ್ಲ. ವಯಸ್ಸಾದ ಮೇಲೆ ಪರದೆಯ ಮುಂದೆ ಕೂರಲಾಗದೆ ಪ್ರಾಮಾಣಿಕವಾಗಿ ಪಾಠ ಹೇಳುವವರನ್ನು ಬಲ್ಲೆ. ಅವರ ಸಂಸಾರ ಟ್ರೇಡಿಂಗಿನಿಂದ ನಡೆಯುತ್ತದೋ ಪಾಠದಿಂದಲೋ ಎಂದು ನೇರವಾಗಿ ಕೇಳಿ. ನೇರ ಉತ್ತರ ಬಂದರೆ, ಅದು ‘ಪಾಠದಿಂದ’ ಎಂದಾಗಿದ್ದರೂ, ಮಾತು ಮುಂದುವರಿಸಬಹುದು.

ಅನುಭವಿಯ ಪಕ್ಕದಲ್ಲಿ ಕುಳಿತಾಗ ಏನನ್ನು ಗಮನಿಸಬೇಕು?

ಹೊಸಬರೆಲ್ಲ ಅವರ ಚಾರ್ಟಿನ ಗೆರೆಗಳನ್ನು ನಕಲು ಮಾಡಿಕೊಳ್ಳುತ್ತಾರೆ. ನೋಡಬೇಕಾದದ್ದು ಎಷ್ಟು ಕೊಂಡರು, ಎಲ್ಲಿ ಬಿಟ್ಟರು ಎಂಬುದನ್ನು.

ನಮ್ಮ ಶೇಠ್ ಹತ್ತಿರ ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಚೋಪಡಾ ಒಂದಿತ್ತು. ಸೌದಾಕ್ಕೆ ಮೊದಲು ಅದರಲ್ಲಿ ಪೆನ್ಸಿಲಿನಿಂದ ಷೇರಿನ ಹೆಸರು, ಕೊಳ್ಳುವ ಬೆಲೆ, ತಪ್ಪಾದರೆ ಬಿಡುವ ಬೆಲೆ, ಸಂಖ್ಯೆ, ಇಷ್ಟನ್ನು ಬರೆಯುತ್ತಿದ್ದರು. ಪೇಟೆ ಮುಚ್ಚಿದ ಮೇಲೆ ಅದೇ ಸಾಲಿನ ಕೊನೆಯಲ್ಲಿ ಶಾಯಿಯಿಂದ ಒಂದೇ ಒಂದು ಗುರುತು ಹಾಕುವರು: ಬರೆದಂತೆ ನಡೆದುಕೊಂಡಿದ್ದರೆ ಸರಿ, ಇಲ್ಲದಿದ್ದರೆ ಅಡ್ಡಗೆರೆ. ಲಾಭನಷ್ಟಕ್ಕೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ, ಅದು ಕಚೇರಿಯ ಲೆಕ್ಕದಲ್ಲಿರುತ್ತಿತ್ತು. ಬರೆದದ್ದನ್ನು ಮೀರಿ ಲಾಭವಾದ ದಿನವೂ ಅಲ್ಲಿ ಅಡ್ಡಗೆರೆಯೇ. ನನ್ನ ಸಾವಿರ ಷೇರಿನ ಪ್ರಕರಣವೂ ಅದೇ ಪುಸ್ತಕದಲ್ಲಿ, ನನ್ನ ಕೈಯಿಂದಲೇ ಬರೆಸಿದ್ದು, ಅಡ್ಡಗೆರೆಯೊಂದಿಗೆ ಇತ್ತು.

ಸಂಖ್ಯೆಯ ಲೆಕ್ಕ ಸರಳ. ನಿಮ್ಮ ಬಂಡವಾಳ 3 ಲಕ್ಷ, ಒಂದು ಸೌದಾದಲ್ಲಿ ನೂರಕ್ಕೆ ಒಂದರಷ್ಟು, ಅಂದರೆ 3,000 ರೂಪಾಯಿ, ಕಳೆದುಕೊಳ್ಳಲು ಸಿದ್ಧರಿದ್ದೀರಿ ಎನ್ನೋಣ. 480 ರೂಪಾಯಿಗೆ ಕೊಂಡು 468ಕ್ಕೆ ಬಿಡುವುದೆಂದರೆ ಷೇರಿಗೆ 12 ರೂಪಾಯಿಯ ಅಪಾಯ. ಹಾಗಾಗಿ ಕೊಳ್ಳಬಹುದಾದದ್ದು 250 ಷೇರು. ಎಷ್ಟು ಕೊಳ್ಳಬೇಕೆಂಬುದನ್ನು ಖಾತೆಯಲ್ಲಿರುವ ಹಣ ಹೇಳುವುದಿಲ್ಲ, ಬಿಡುವ ಬೆಲೆ ಹೇಳುತ್ತದೆ. ಇನ್ನು ನೂರು ಸೌದಾದಲ್ಲಿ ನಲವತ್ತು ಗೆದ್ದು ಒಂದೊಂದರಲ್ಲೂ 6,000 ಗಳಿಸಿ, ಅರವತ್ತು ಸೋತು ಒಂದೊಂದರಲ್ಲೂ 3,000 ಕಳೆದರೆ, ಖರ್ಚು ಕಳೆಯುವ ಮೊದಲು 60,000 ಉಳಿಯುತ್ತದೆ. ಹೆಚ್ಚು ಸಲ ಸೋತೂ ಲಾಭದಲ್ಲಿರಬಹುದು ಎಂಬುದೇ ಹೊಸಬರಿಗೆ ನಂಬಲಾಗದ ಸಂಗತಿ. ಆದರೆ ಇದೇ ಲೆಕ್ಕದಲ್ಲಿ ನೂರು ಸೌದಾದೊಳಗೆ ಎಲ್ಲೋ ಒಂದು ಕಡೆ ಸತತ ಐದು ಸೋಲು ಬರುವುದು ಬಹುತೇಕ ನಿಶ್ಚಿತ. ಪ್ರತಿ ಸಲ ನೂರಕ್ಕೆ ಒಂದನ್ನು ಪಣಕ್ಕಿಟ್ಟವನ ಬಳಿ ಆಗ ನೂರರಲ್ಲಿ ತೊಂಬತ್ತೈದು ಉಳಿದಿರುತ್ತದೆ. ಇಪ್ಪತ್ತನ್ನು ಪಣಕ್ಕಿಟ್ಟವನ ಬಳಿ ಮೂವತ್ಮೂರು. ಆ ಮೂವತ್ಮೂರನ್ನು ಮತ್ತೆ ನೂರು ಮಾಡಲು ಹಣ ಮೂರು ಪಟ್ಟಾಗಬೇಕು.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಮ್ಮವರು ಪೇಟೆ ಏರುವಾಗೆಲ್ಲ ಹೇಳುತ್ತಾರೆ. ಗಾಳಿ ಬರುವಷ್ಟರಲ್ಲಿ ಕಣದಲ್ಲಿ ರಾಶಿ ಉಳಿದಿರಬೇಕಲ್ಲ!

ಕಡಿಮೆ ಹಣ ಸಾಕೆಂದು ಆಪ್ಷನ್ಸ್‌ನಿಂದಲೇ ಕಲಿಕೆ ಶುರುಮಾಡಬಹುದೇ?

ಬೇಡ. ನನ್ನ ಅಭಿಪ್ರಾಯಕ್ಕಿಂತ ಅಂಕಿಗಳನ್ನೇ ನೋಡಿ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಈಕ್ವಿಟಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರು. ನಷ್ಟ ತಲಾ ಸರಾಸರಿ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ವೆಚ್ಚ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇಕಡಾ ಒಂದರಷ್ಟು. ನಷ್ಟ ಕಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಮತ್ತೆ ಅದನ್ನೇ ಮುಂದುವರಿಸಿದರು.

ಎದುರು ಕಡೆ ಯಾರಿದ್ದಾರೆ ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. 2023-24ರಲ್ಲಿ ಪ್ರೊಪ್ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದವು, ಅದರಲ್ಲಿ ಬಹುಪಾಲು ಕಂಪ್ಯೂಟರ್ ತಾನಾಗಿ ಮಾಡುವ ಅಲ್ಗೋ ವ್ಯವಹಾರದಿಂದ. ಡೊಂಬಿವಲಿ ಲೋಕಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಆಪ್ಷನ್ ಕೊಳ್ಳುವ ನಮ್ಮ ಹುಡುಗನ ಎದುರಿಗೆ ನಿಂತಿರುವುದು ಆ ಯಂತ್ರ. ಡೆರಿವೇಟಿವ್ಸ್‌ನಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟ. ದಲ್ಲಾಲಿ, ತೆರಿಗೆ, ಶುಲ್ಕ ಕಳೆದರೆ ಇಬ್ಬರ ಮೊತ್ತ ಸೊನ್ನೆಗಿಂತ ಕೆಳಗೇ. 2023-24ರಲ್ಲಿ ಈ ವೆಚ್ಚವೇ ತಲಾ ಸರಾಸರಿ 26,000 ರೂಪಾಯಿಯಾಗಿತ್ತು.

ಇದನ್ನು ಕಂಡೇ ಸೆಬಿ 2024ರ ನವೆಂಬರ್‌ನಿಂದ ನಿಫ್ಟಿ, ಸೆನ್ಸೆಕ್ಸ್‌ನಂಥ ಸೂಚ್ಯಂಕಗಳ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿ, ವಾರದ ಕರಾರುಗಳನ್ನು ಪ್ರತಿ ವಿನಿಮಯ ಕೇಂದ್ರಕ್ಕೆ ಒಂದು ಸೂಚ್ಯಂಕಕ್ಕೆ ಸೀಮಿತಗೊಳಿಸಿತು. ಕಲಿಯುವವರು ಪೂರ್ತಿ ಹಣ ಕೊಟ್ಟು ಷೇರನ್ನು ತಮ್ಮ ಖಾತೆಗೇ ಪಡೆಯುವ ಡೆಲಿವರಿ ವ್ಯವಹಾರದಿಂದ, ಹತ್ತಿಪ್ಪತ್ತು ಷೇರುಗಳ ಗಾತ್ರದಿಂದ ಶುರುಮಾಡಲಿ. ಬೇಸರವಾಗುತ್ತದೆ, ನಿಜ.

ಹಣ ಹಾಕದೆ ಅಭ್ಯಾಸಕ್ಕಷ್ಟೇ ಮಾಡುವ ಪೇಪರ್ ಟ್ರೇಡಿಂಗ್‌ನಿಂದ ಪ್ರಯೋಜನವಿದೆಯೇ?

ಗುಂಡಿ ಯಾವುದು, ಆರ್ಡರ್ ಬಗೆ ಯಾವುದು ಎಂದು ತಿಳಿಯಲು ಒಂದು ತಿಂಗಳ ಮಟ್ಟಿಗೆ ಇದೆ. ಹಣವಿಲ್ಲದ ಕಡೆ ಭಯವೂ ಇರದ ಕಾರಣ, ಅದಕ್ಕಿಂತ ಹೆಚ್ಚಿನದನ್ನು ಅದು ಕಲಿಸುವುದಿಲ್ಲ.

ಕೆಲಸ ಮಾಡುತ್ತಲೇ ಕಲಿಯಬಹುದೇ?

ಕಲಿಯಬಹುದು, ಕಲಿಯಬೇಕಾದದ್ದೂ ಹಾಗೆಯೇ. ಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಹೋಟೆಲ್ ನಡೆಸುವ ನಮ್ಮವರಿಗೆ ಇದು ತಿಂಡಿಯ ಮತ್ತು ಊಟದ ಗಿರಾಕಿಯ ಹೊತ್ತು. ಗಲ್ಲಾಪೆಟ್ಟಿಗೆಯ ಮೇಲೆ ಮೊಬೈಲ್ ಇಟ್ಟುಕೊಂಡು ಇಂಟ್ರಾಡೇ, ಅಂದರೆ ಅಂದೇ ಕೊಂಡು ಅಂದೇ ಮಾರುವ ವ್ಯವಹಾರ, ಮಾಡಹೊರಟ ಒಬ್ಬ ಪರಿಚಿತರು ಅತ್ತ ಸೌದಾವನ್ನೂ ಇತ್ತ ಗಲ್ಲಾವನ್ನೂ ಕೆಡಿಸಿಕೊಂಡರು. ಅಂಥವರಿಗೆ ದಿನದ ಕೊನೆಯ ಬೆಲೆ ನೋಡಿ ರಾತ್ರಿ ನಿರ್ಧರಿಸಿ, ಬೆಳಿಗ್ಗೆ ಆರ್ಡರ್ ಮತ್ತು ಸ್ಟಾಪ್ ಲಾಸ್ (ಬಿಡುವ ಬೆಲೆ ಬಂದಾಗ ತಾನಾಗಿ ಮಾರುವ ಆರ್ಡರ್) ಎರಡನ್ನೂ ಹಾಕಿ ಬಿಟ್ಟುಬಿಡುವ, ವಾರಗಳ ಲೆಕ್ಕದ ವ್ಯವಹಾರವೇ ಸರಿ. ಕೆಲಸ ಬಿಟ್ಟು ಪೇಟೆಯಿಂದಲೇ ಮನೆ ನಡೆಸುತ್ತೇನೆ ಎನ್ನುವವರು ಮನೆಬಾಡಿಗೆಯ ತಾರೀಖು ಬಂದಾಗ ಬೇಡದ ಸೌದಾಕ್ಕೂ ಕೈಹಾಕುತ್ತಾರೆ.

‘ನಿಮ್ಮ ಖಾತೆ ಕೊಡಿ, ನಾನೇ ಟ್ರೇಡ್ ಮಾಡಿ ತೋರಿಸಿ ಕಲಿಸುತ್ತೇನೆ’ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಕೂಡದು. ಬೇರೆಯವರ ಹಣವನ್ನು ತನ್ನ ವಿವೇಚನೆಯಂತೆ ನಿರ್ವಹಿಸಲು ಸೆಬಿಯಲ್ಲಿ ಪೋರ್ಟ್‌ಫೋಲಿಯೊ ಮ್ಯಾನೇಜರ್ ಎಂದು ನೋಂದಾಯಿಸಿರಬೇಕು, ಅಲ್ಲಿ ಗ್ರಾಹಕನ ಕನಿಷ್ಠ ಹೂಡಿಕೆ 50 ಲಕ್ಷ. ಎರಡು ಲಕ್ಷದ ಖಾತೆಯ ಪಾಸ್‌ವರ್ಡ್ ಕೇಳಿ ಲಾಭದಲ್ಲಿ ಪಾಲು ಕೇಳುವವನು ಕಾನೂನಿನ ಹೊರಗಿದ್ದಾನೆ. ನಷ್ಟದಲ್ಲಿ ಅವನ ಪಾಲು ಎಷ್ಟೆಂದು ಕೇಳಿ ನೋಡಿ. ಇದಕ್ಕಿಂತ ಕೆಟ್ಟದ್ದು ಎರಡಿವೆ. ಒಂದು ಡಬ್ಬಾ ಟ್ರೇಡಿಂಗ್: ಸೌದಾ ವಿನಿಮಯ ಕೇಂದ್ರಕ್ಕೆ ಹೋಗುವುದೇ ಇಲ್ಲ, ಡಬ್ಬಾ ನಡೆಸುವವನ ಚೀಟಿಯಲ್ಲೇ ಉಳಿಯುತ್ತದೆ, ಮಾರ್ಜಿನ್ ಇಲ್ಲ, ಕಾಂಟ್ರಾಕ್ಟ್ ನೋಟ್ ಇಲ್ಲ, ಗೆದ್ದಾಗ ಹಣಕ್ಕೆ ದಾವೆ ಹೂಡುವ ದಾರಿಯೂ ಇಲ್ಲ. ಇನ್ನೊಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ನಕಲಿ ಆ್ಯಪ್ ಇಳಿಸಿ, ಪರದೆಯ ಮೇಲೆ ಲಾಭ ತೋರಿಸಿ, ಹಿಂತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎನ್ನುವ ವಂಚನೆ. ನಿಜವಾದ ದಲ್ಲಾಳಿ ಸಂಸ್ಥೆ ಯಾರದೋ ವೈಯಕ್ತಿಕ ಬ್ಯಾಂಕ್ ಖಾತೆಗೆ ಹಣ ಹಾಕಲು ಎಂದೂ ಹೇಳುವುದಿಲ್ಲ.

ದೂರು ಕೊಡಬೇಕಾದರೆ, ನೋಂದಾಯಿತ ಸಂಸ್ಥೆಯ ವಿರುದ್ಧವಾದರೆ ಮೊದಲು ಆ ಸಂಸ್ಥೆಗೆ ಬರೆದು, ಪರಿಹಾರ ಸಿಗದಿದ್ದರೆ ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ ದಾಖಲಿಸಬೇಕು. ನಕಲಿ ಆ್ಯಪಿನ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ಪೊಲೀಸರಿಗೆ ತಿಳಿಸಬೇಕು, ಬ್ಯಾಂಕಿಗೂ ಹೇಳಬೇಕು. ನಾಚಿಕೆಯಿಂದ ಎರಡು ದಿನ ಕಾದವರ ಹಣ ಅಷ್ಟರಲ್ಲಿ ಹತ್ತು ಖಾತೆ ದಾಟಿರುತ್ತದೆ.

ತೆರಿಗೆಯ ಲೆಕ್ಕವನ್ನೂ ಕಲಿಯಬೇಕೇ?

ಸ್ಥೂಲವಾಗಿಯಾದರೂ ತಿಳಿದಿರಬೇಕು. ಇಂಟ್ರಾಡೇ ಷೇರು ವ್ಯವಹಾರವನ್ನು ಸಟ್ಟಾ ಸ್ವರೂಪದ ವ್ಯಾಪಾರ ಎಂದು, ಫ್ಯೂಚರ್ಸ್ ಮತ್ತು ಆಪ್ಷನ್ಸನ್ನು ಸಾಮಾನ್ಯ ವ್ಯಾಪಾರ ಎಂದು ಪರಿಗಣಿಸಲಾಗುತ್ತದೆ. ಮೊದಲನೆಯದರ ನಷ್ಟವನ್ನು ನಾಲ್ಕು ವರ್ಷ, ಎರಡನೆಯದರದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿರಬೇಕು. ಡೆಲಿವರಿ ಪಡೆದು ಒಂದು ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇಕಡಾ 20. ಮೊದಲು 15 ಇತ್ತು. ನಷ್ಟವಾಯಿತೆಂದು ರಿಟರ್ನನ್ನೇ ತುಂಬದವರು ಮುಂದೆ ಲಾಭ ಬಂದಾಗ ಪರಿತಪಿಸಿದ್ದನ್ನು ಕಂಡಿದ್ದೇನೆ.

ಇದನ್ನೆಲ್ಲ ಕನ್ನಡದಲ್ಲೇ ಕಲಿಯಲು ಸಾಧ್ಯವೇ?

ಪೇಟೆಯ ಮಾತು ಮೊದಲಿನಿಂದಲೂ ಕಲಬೆರಕೆ. ಸೌದಾ, ತೇಜಿ, ಮಂದಿ, ವಾಯಿದಾ ಎಂಬ ಪದಗಳು ಗುಜರಾತಿ ಹಿಂದಿಗಳಿಂದ ಬಂದವು, ಸ್ಟಾಪ್ ಲಾಸ್, ಮಾರ್ಜಿನ್ ಇಂಗ್ಲಿಷಿನವು. ಅವಕ್ಕೆ ಕನ್ನಡ ಪದ ಹುಡುಕುತ್ತ ಕೂರಬೇಕಾಗಿಲ್ಲ. ಆದರೆ ‘ಈ ಸೌದಾವನ್ನು ಏಕೆ ಮಾಡುತ್ತಿದ್ದೇನೆ’ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆಯಿರಿ. ‘ಬ್ರೇಕೌಟ್ ಮೊಮೆಂಟಮ್’ ಎಂದು ಗೀಚಿ ತಪ್ಪಿಸಿಕೊಳ್ಳಬಹುದು. ‘ಪಕ್ಕದ ಮನೆಯವರು ಕೊಂಡರೆಂದು ನಾನೂ ಕೊಳ್ಳುತ್ತಿದ್ದೇನೆ’ ಎಂದು ಕನ್ನಡದಲ್ಲಿ ಬರೆದ ಮೇಲೆ ಕೈ ಸ್ವಲ್ಪ ತಡೆಯುತ್ತದೆ.

ಕಲಿಯಲು ಎಷ್ಟು ಕಾಲ ಬೇಕು?

ಪೇಟೆಯ ಏರಿಕೆಯೊಂದನ್ನೂ ಇಳಿಕೆಯೊಂದನ್ನೂ ನಿಮ್ಮದೇ ಹಣದೊಂದಿಗೆ ದಾಟುವವರೆಗೆ. ಏರುವ ಪೇಟೆಯಲ್ಲಿ ಮಾತ್ರ ವ್ಯವಹರಿಸಿದವರು ಎಷ್ಟು ವರ್ಷ ಕಳೆದರೂ ಅರ್ಧ ಕಲಿತವರೇ. ತಿಂಗಳುಗಳಲ್ಲಿ ಹೇಳಿ ಎಂದು ಒತ್ತಾಯಿಸುವವರಿಗೆ ಕನಿಷ್ಠ ಮೂವತ್ತಾರು ಎನ್ನುತ್ತೇನೆ, ಆ ಅವಧಿಯಲ್ಲಿ ಅದರಿಂದ ಆದಾಯ ಬರುತ್ತದೆಂದು ಲೆಕ್ಕ ಹಾಕಬೇಡಿ.

ಮಗ ಟ್ರೇಡಿಂಗ್ ಕಲಿಯುತ್ತೇನೆ ಎನ್ನುತ್ತಿದ್ದಾನೆ. ಬೇಡವೆಂದು ಹೇಳಬೇಕೇ?

ಬೇಡವೆಂದರೆ ನಿಮಗೆ ಕಾಣದಂತೆ ಮಾಡುತ್ತಾನೆ, ಮೊಬೈಲಿನಲ್ಲಿ ಖಾತೆ ತೆರೆಯಲು ಹೆಚ್ಚು ಹೊತ್ತು ಬೇಕಿಲ್ಲ. ಅದರ ಬದಲು ಒಂದು ಮೊತ್ತವನ್ನು ಗೊತ್ತುಮಾಡಿ, ಅದು ಹೋದರೂ ಮನೆಗೆ ಪೆಟ್ಟಾಗದಷ್ಟಿರಲಿ, ಸಾಲದ್ದು ಮಾತ್ರ ಬೇಡ. ಎನ್‌ಐಎಸ್‌ಎಂ ಮೂಲಕ ಸೆಬಿ ಉಚಿತವಾಗಿ ನಡೆಸುವ ಹೂಡಿಕೆದಾರರ ಪರೀಕ್ಷೆಯನ್ನು ಮೊದಲು ಬರೆಯಲಿ. ಆಮೇಲೆ ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದುಕೊಟ್ಟು, ತಿಂಗಳ ಮೊದಲ ಭಾನುವಾರ ಆ ಪುಸ್ತಕವನ್ನೂ ಕಾಂಟ್ರಾಕ್ಟ್ ನೋಟ್‌ಗಳನ್ನೂ ಪಕ್ಕಪಕ್ಕ ಇಟ್ಟು ನಿಮಗೆ ವಿವರಿಸಲು ಹೇಳಿ. ನಿಮಗೆ ಷೇರು ಪೇಟೆ ಗೊತ್ತಿರಬೇಕಾಗಿಲ್ಲ, ಎರಡು ಕಡೆಯ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಲು ಬಂದರೆ ಸಾಕು. ಪುಸ್ತಕ ತರಲು ಅವನು ಮರೆತ ಭಾನುವಾರ, ಲಾಭನಷ್ಟ ಕೇಳದೆ, ಖಾತೆಗೆ ಹೊಸದಾಗಿ ಹಣ ಹಾಕುವುದನ್ನು ನಿಲ್ಲಿಸಿ.